ಸ್ಮಶಾನದ ಬಾಗಿಲ ಕಾವಲು

ಕಿಲ್‌ಬ್ರಾಕ್, ಟಿಪರರಿ
೯ ನವೆಂಬರ್ ೧೮೩೪

ಪ್ರೀತಿಯ ಫಿನೀನ್,

ಬ್ರಿಸ್ಟಲ್‌ನ ಚಳಿ ನಿನ್ನ ಎದೆಗೆ ತೊಂದರೆ ಕೊಟ್ಟಿಲ್ಲವೆಂದು ನಂಬುತ್ತೇನೆ. ಹತ್ತು ದಿನ ಹಿಂದೆಯೇ ಬರೆಯಬೇಕಿತ್ತು. ಮೂರು ಸಲ ಕೂತು ಮೂರು ಸಲ ಎದ್ದೆ. ನಿನ್ನ ತಾಯಿ ಜ್ವರದಲ್ಲಿ ತೀರಿಕೊಂಡರು. ಅದೇ ದಿನ ನನ್ನ ಹೆಂಡತಿ ಪೆಗ್ ಕೂಡ.

ಒಂದೇ ದಿನ ಎರಡು ಶವವೆಂದರೆ ಇಲ್ಲಿ ಏನಾಗುತ್ತದೆಂದು ನಿನಗೆ ಗೊತ್ತು. ಕೊನೆಗೆ ಮಣ್ಣಾದವರ ಆತ್ಮ ಮುಂದಿನ ಶವ ಬರುವತನಕ ಸ್ಮಶಾನದ ಬಾಗಿಲು ಕಾಯಬೇಕೆಂಬ ನಂಬಿಕೆ ಇನ್ನೂ ಹಾಗೇ ಇದೆ. ನಿಮ್ಮ ಲಾಹಿ ಮನೆತನದವರೂ ನಮ್ಮ ಹೆಫರ್ನನ್ನರೂ ಅಲ್ಲೇ ಎದುರಾದರು. ನಿನ್ನ ತಮ್ಮ ಕಾನರ್ ಮುಂದೆ ಬಂದು, "ಮೇಷ್ಟ್ರೇ, ದಾರಿ ಬಿಡಿ. ಮೂರು ವರ್ಷ ಹಾಸಿಗೆ ಬಿಟ್ಟು ಏಳದ ನಮ್ಮವ್ವನ್ನ ಇಲ್ಲಿ ಕಾವಲು ನಿಲ್ಲಿಸ್ತೀರಾ?" ಎಂದ.

ನನ್ನ ಭಾವ ಪ್ಯಾಟ್ಸಿ ಸುಮ್ಮನಿರಬೇಕಲ್ಲ. "ಲಾಹಿಗಳು ಪೂಜೆಗೇ ತಡವಾಗಿ ಬರೋರು, ಮಣ್ಣಿಗೇನಪ್ಪ ಅವಸರ?"

"ನಿಮ್ಮ ಪೆಗ್ ಬಾಯಿಗೆ ಹೆದರಿ ದೆವ್ವಾನೂ ಹತ್ರ ಬರಲ್ಲ. ಅವಳೇ ಕಾಯ್ಲಿ ಬಿಡೋ" ಎಂದು ಅತ್ತಲಿಂದ ಯಾರೋ ಕೂಗಿದರು. ಪೆಗ್ ಇದ್ದಿದ್ದರೆ ಮೊದಲು ನಗುತ್ತಿದ್ದವಳು ಅವಳೇ.

ಶವಪೆಟ್ಟಿಗೆಗಳು ನೆಲಕ್ಕಿಳಿದವು, ದೊಣ್ಣೆಗಳು ಮೇಲೆದ್ದವು. ಪೊಲೀಸರು ಗೋಡೆಯ ಮೇಲೆ ಕೂತು ಹೊಗೆಸೊಪ್ಪು ಸೇದುತ್ತಿದ್ದರು. ನಾನು ಹೋಗಿ ಬೇಡಿಕೊಂಡದ್ದಕ್ಕೆ ಅವರ ಮುಖ್ಯಸ್ಥ, "ಹೊಡ್ಕೊಳ್ಲಿ ಬಿಡಿ ಮೇಷ್ಟ್ರೇ. ಅವರವರೇ ಬಡಿದಾಡ್ಕೊಂಡ್ರೆ ನಮ್ಮ ತಂಟೆಗೆ ಬರಲ್ಲ" ಎಂದ. ನಮ್ಮನ್ನಾಳುವವರ ನ್ಯಾಯವೆಲ್ಲ ಆ ಮಾತಿನಲ್ಲಿದೆ. ಗೇಣಿ ಕಟ್ಟದವನ ಸೂರು ಕೀಳಲು ಇವರೇ ಓಡೋಡಿ ಬರುತ್ತಾರೆ.

ಆ ಗಲಾಟೆಯಲ್ಲಿ ಕಾನರ್‌ನ ತಲೆಗೆ ಯಾರದೋ ಏಟು ಬಿತ್ತು. ಪೆಗ್ ಮೊದಲು ಮಣ್ಣಾದಳು, ನಿನ್ನ ತಾಯಿ ಆಮೇಲೆ. ನಾಲ್ಕನೆಯ ದಿನ ಕಾನರ್ ಕೂಡ ಹೋದ. ತಾಯಿಯನ್ನೂ ತಮ್ಮನನ್ನೂ ಒಂದೇ ಪತ್ರದಲ್ಲಿ ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ, ಕ್ಷಮಿಸು.

ಇಪ್ಪತ್ತರ ವಯಸ್ಸಿನಲ್ಲಿ ನಾವಿಬ್ಬರೂ ಸೇರಿ ಬರೆದ ಎರಡು ಮನೆತನಗಳ ರಾಜಿಪತ್ರ ನೆನಪಿದೆಯೇ? ಎರಡೂ ಕಡೆಯ ನಲವತ್ತು ಜನ ಗುರುತು ಹಾಕಿದ್ದರು. ಆಲೂಗಡ್ಡೆ ಅಗೆಯುವ ಕಾಲದವರೆಗೂ ಅದು ಬಾಳಲಿಲ್ಲ. ನನ್ನ ಪ್ರತಿ ಇನ್ನೂ ಪುಸ್ತಕದ ಪೆಟ್ಟಿಗೆಯಲ್ಲಿದೆ.

ದೇವರು ನಿನ್ನ ಮಕ್ಕಳನ್ನು ಈ ಊರಿನ ಹಗೆಯಿಂದ ದೂರವೇ ಇಟ್ಟಿರಲಿ.

ನಿನ್ನ
ಥೇಡಿ ಹೆಫರ್ನನ್

ತಾ.ಕ.: ಯಾರದೋ ಏಟು ಎಂದು ಬರೆದೆ. ಅದು ನನ್ನದು. ಪೊಲೀಸರ ಬಳಿಯಿಂದ ಮರಳಿದಾಗ ಕಾನರ್ ತಾಯಿಯ ಪೆಟ್ಟಿಗೆಗೆ ಹೆಗಲು ಕೊಟ್ಟು ಬಾಗಿಲು ದಾಟುತ್ತಿದ್ದ. ಪೆಗ್‌ಗೆ ಒಬ್ಬಳೇ ಇರುವುದೆಂದರೆ ಎಷ್ಟು ಭಯವೆಂದು ನಿನಗೆ ಗೊತ್ತು. ಮೂವತ್ತು ವರ್ಷ ಶಾಲೆಯಲ್ಲಿ ಆ ನಂಬಿಕೆಯನ್ನು ಗೇಲಿ ಮಾಡಿದ ನಾನು ಊರುಗೋಲು ಬೀಸಿಬಿಟ್ಟೆ. ಕಂಡವರು ಬಾಯಿ ಬಿಟ್ಟಿಲ್ಲ, ಕಾನರ್ ಕೂಡ ಬಿಡಲಿಲ್ಲ. ಕೊನೆಯ ದಿನ ಅವನ ಹತ್ತಿರ ಕೂತಿದ್ದೆ. "ಅಳಬೇಡಿ ಮೇಷ್ಟ್ರೇ, ನಾನು ಹೋದ್ರೆ ಅವ್ವನ ಕಾವಲು ಮುಗೀತಲ್ಲ" ಎಂದ. ಆಮೇಲೆ ಊರಿನಲ್ಲಿ ಯಾರೂ ಸತ್ತಿಲ್ಲ. ದಿನವೂ ಬೆಳಿಗ್ಗೆ ಹೋಗಿ ಆ ಬಾಗಿಲಲ್ಲಿ ಅವನ ಜೊತೆ ನಿಲ್ಲುತ್ತೇನೆ.