ಆಚೆ ಕಡೆಯ ಲಾಳಿ

ಸಿರುಮುಗೈ
26-7-2024, ಆಡಿ ಶುಕ್ರವಾರ

ನನ್ನ ಕಣ್ಣು ನಿತ್ಯಾಗೆ,

ಅಜ್ಜಿಯ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ನಿನ್ನಪ್ಪ ಧನಪಾಲನ ಹಾಗೆ. ಕಾಗದ ತಡವಾಯಿತೆಂದು ಮುನಿಯಬೇಡ, ತಾಳವಾಡಿ ಇಸ್ಕೂಲಿನಲ್ಲಿ ಮೂರನೇ ಕ್ಲಾಸಿಗೇ ನಿಂತ ಕೈ ಇದು. ತಮಿಳು ಸೀಮೆಯ ಈ ಮನೆಯಲ್ಲಿ ಕನ್ನಡ ಆಡಲು ಎಲ್ಲರಿಗೂ ಬಾಯಿದೆ. ಓದಲು ಕಲಿತವಳು ನೀನೊಬ್ಬಳೇ. ನಿನ್ನಪ್ಪ ಹಿಂದೆ ನಿಂತು ಇಣುಕಿದರೂ ಅವನಿಗೆ ಇದು ಇರುವೆ ಸಾಲು.

ಪೊಂಗಲಿಗೆ ಬಂದಾಗ ನೀನು ತಾತನಿಗೆ ನಿನ್ನ ಅಣುಗಳ ಕತೆ ಹೇಳಿದೆಯಲ್ಲ, ಅದೇ ನೆನಪಾಗುತ್ತದೆ.

"ಬಲೇ ಸಿಡುಕು ತಾತಾ ಇವು. ಒಂದೇ ಥರದ್ದು ಎರಡು ಒಂದ್ ಜಾಗದಲ್ಲಿ ಕೂರಲ್ಲ. ಬೆಳಕಲ್ಲೇ ಅಮುಕಿ ಬಟ್ಟೆ ಥರ ತೆಳ್ಳಗೆ ಹರಡ್ತೀವಿ. ಊಟಿ ಚಳಿಯೆಲ್ಲಾ ಒಲೆ ಅನ್ನಿಸ್ಬೇಕು, ಅಷ್ಟು ತಣ್ಣಗೆ ಮಾಡ್ತೀವಿ. ಆಗ ಈ ಥರದ್ದೊಂದು, ಆ ಥರದ್ದೊಂದು ಜೋಡಿಯಾಗುತ್ತೆ. ಆಮೇಲೆ ಎಲ್ಲಾ ಸೇರಿ ಹರಿಯುತ್ತೆ, ತಡೆಯೇ ಇಲ್ಲ."

"ಒತ್ಕೊಂಡೇ ಇರ್ಬೇಕಾ?" ತಾತ ಕೇಳಿದರು.

"ಬೇಡ. ನಡುವೆ ಬೇರೆಯವು ಎಷ್ಟಿದ್ರೂ ಜೋಡಿ ಜೋಡೀನೇ."

ಅವರು ನನ್ನ ಕಡೆ ಕೈ ತೋರಿಸಿ ನಕ್ಕರು. "ಇವಳು ಮಗ್ಗದ ಆ ತುದೀಲಿ, ನಾನು ಈ ತುದೀಲಿ. ನಡುವೆ ಬೈಗುಳ. ಇದನ್ನ ನೋಡೋಕಾ ಜರ್ಮನಿಗೆ ಹೋದೆ?"

ನಾನು ಕೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ಜೋಡಿ ಸಿಗದೆ ಮಿಕ್ಕಿದ್ದು?" ಎಂದೆ. "ಅದು ಹೊರಗೆ ಹೋಗಿ ಸುತ್ತ ನಿಂತ್ಕೊಳ್ಳುತ್ತೆ ಅಜ್ಜಿ" ಎಂದೆ ನೀನು. ಆಗ ನಗು ಬಂದಿತ್ತು.

ದೊಡ್ಡವರ ಮುಂದೆ ನಿಂತು ಆ ಕತೆ ಹೇಳಿ ನೀನು ಡಾಕ್ಟರ್ ಆಗುವ ದಿನ ಉಡುವ ಸೀರೆಗೆಂದೇ ತಾತ ಚಿತ್ತಿರೈ ತಿಂಗಳಲ್ಲಿ ಮಗ್ಗಕ್ಕೆ ಹಾಸು ಏರಿಸಿದ್ದು. ಹಸಿರು ಒಡಲು, ಎರಡೂ ಕಡೆ ಕೆಂಪು ಅಂಚು. ಅಂಚಿನ ಬಣ್ಣ ಒಡಲಿಗೆ ಬೆರೆಯಬಾರದು, ಒಂದೊಂದು ಅಂಚಿಗೂ ಬೇರೆ ಲಾಳಿ. ಅದಕ್ಕೇ ಇಬ್ಬರು ಬೇಕು. ಅವರು ಮಗ್ಗದ ಗುಂಡಿಯಲ್ಲಿ ಕೂತು ಒಡಲನ್ನೂ ತಮ್ಮ ಕಡೆಯ ಅಂಚನ್ನೂ ನೇಯುತ್ತಿದ್ದರು. ಆಚೆ ಕಡೆಯ ಲಾಳಿ ನನ್ನದು. ಮದುವೆಯಾದ ವರ್ಷದಿಂದಲೂ ನನ್ನದೇ. ಬೆಳಗಿನ ಜಗಳ ಸಂಜೆಯವರೆಗೂ ನಡೆಯುತ್ತಿತ್ತು. ಲಾಳಿ ಒಂದು ಸಲವೂ ತಡವರಿಸಿದ್ದಿಲ್ಲ.

ಸೆರಗು ಮುಗಿದು ಒಡಲು ಅರ್ಧವಾಗಿತ್ತು, ಅವರು ಕಣ್ಣು ಮುಚ್ಚಿದರು. ನೀನು ಓಡಿ ಬಂದು, ಕಾರ್ಯ ಮುಗಿಸಿ ಹೋದಮೇಲೆ ನಿನ್ನಪ್ಪ ಹೇಳಿದ, "ಅಷ್ಟಕ್ಕೇ ಕತ್ತರಿಸಿ ತೆಗೀಮ್ಮಾ. ನಿತ್ಯಾಗೆ ದಾವಣಿ ಆಗುತ್ತೆ."

"ಮೊದಲು ನಿನ್ನ ನಾಲಿಗೆ ಕತ್ತರಿಸ್ತೀನಿ ಬಾ" ಎಂದೆ.

ಪಾಪ, ನಿನ್ನಮ್ಮ ಮಲ್ಲಿಗಾ ಹತ್ತಿರ ಬಂದು "ಅತ್ತೆ, ಆಚೆ ಕಡೆ ನಾನು ಕೂತ್ಕೊಳ್ಳಾ?" ಎಂದಳು.

"ಲಾಳಿ ಅಂದ್ರೆ ಟಿವಿ ರಿಮೋಟಾ? ಹೋಗ್ ತಾಯಿ, ಸಾರು ಉಕ್ತಾ ಇದೆ."

ಆ ಕೆಲಸ ಕಲಿಸಬಹುದಿತ್ತು. ಮನಸ್ಸು ಬರಲಿಲ್ಲ.

ಸೀರೆ ಮುಗಿಯಿತು. ಪಾರ್ಸೆಲಿನಲ್ಲಿ ಇದೆ. ನಡುವೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಮಗ್ಗದಲ್ಲಿ ಅವರ ಬಡಿತ ಬಿಗಿ, ನನ್ನದು ಸಡಿಲ. ಅದನ್ನು ಕುಂದು ಎಂದುಕೊಳ್ಳಬೇಡ, ಅವರು ಎಲ್ಲಿಯವರೆಗೆ ಇದ್ದರು ಎಂಬ ಗುರುತು ಅದು. ಹೊತ್ತಿಗೆ ಸರಿಯಾಗಿ ಉಣ್ಣು. ಚೌಡೇಶ್ವರಿ ನಿನ್ನ ಮಾತನ್ನು ಎಲ್ಲೂ ತಡೆಯದೆ ಹರಿಸಲಿ.

ನಿನ್ನ ಅಜ್ಜಿ,
ಮುತ್ತಮ್ಮಾಳ್

ಮತ್ತೆ: ಮಡಿಕೆ ಬಿಚ್ಚಿದರೆ ನಿನಗೇ ಗೊತ್ತಾಗುತ್ತದೆ, ಮೊದಲೇ ಹೇಳುತ್ತೇನೆ. ಆ ಗೆರೆ ದಾಟಿದಮೇಲೆ ಒಂದು ಕಡೆಯ ಅಂಚು ಮಾತ್ರ ನೆಟ್ಟಗಿದೆ. ಆಚೆ ಕಡೆಯ ಅಂಚಿನ ಕೆಂಪಿನಲ್ಲಿ ಒಡಲಿನ ಹಸಿರೇ ಓಡಿ ಬಣ್ಣ ಮಸಕಾಗಿದೆ. ಅದು ಸೊಂಟಕ್ಕೆ ಸಿಕ್ಕಿಸುವ ಕಡೆ, ಉಟ್ಟರೆ ಯಾರಿಗೂ ಕಾಣದು. ಗುಂಡಿಗೆ ನಾನು ಇಳಿದೆ ನನ್ನ ಕಣ್ಣೇ, ಅವರ ಜಾಗ ತುಂಬಿತು. ಲಾಳಿ ಎಸೆದಾಗಲೆಲ್ಲ ಅವರು ನೋಡುತ್ತಿದ್ದ ಹಾಗೆ ಆಚೆ ನೋಡುತ್ತಿದ್ದೆ. ಅಲ್ಲಿ ನಾನಿರಲಿಲ್ಲ.