ಚಿನ್ನದ ಮೇಲಿನ ಉಸಿರು

ಪ್ರೀತಿಯ ಶರ್ವರಿ,

ನಿನ್ನ ಎಲೆಕ್ಟ್ರೋಡ್ ಇನ್ನೂ ನನ್ನ ಹತ್ತಿರವೇ ಇದೆ. ತುದಿಯಲ್ಲಿ ತೊಗರಿಬೇಳೆಯಷ್ಟು ಚಿನ್ನ, ಹಿಡಿಯ ಮೇಲೆ ನೀನು ಗುರುತಿಗೆಂದು ಬಳಿದ ಮೆರೂನ್ ನೇಲ್ ಪಾಲಿಶ್. ಬೇರೆಯವರು ಮುಟ್ಟಿದರೆ ಮುಖ ಊದಿಸಿಕೊಳ್ಳುತ್ತಿದ್ದೆ, ಲ್ಯಾಬಿನ ಸಾಮಾನಲ್ಲ, ತವರಿನಿಂದ ತಂದ ಒಡವೆ ಎಂಬಂತೆ. ಈಗ ಅದನ್ನು ಮುಟ್ಟಲು ನನಗೇ ಹೆದರಿಕೆ.

ಸನತ್‌ನಗರದ ಲ್ಯಾಬಿನಲ್ಲಿ ನಾವು ಮಾಡುವ ಕೆಲಸ ಏನೆಂದು ನಿಮ್ಮಮ್ಮನಿಗೆ ಕೊನೆಗೂ ತಿಳಿಯಲಿಲ್ಲ. "ಬಂಗಾರ ತಿಕ್ಕಾಕ ಇಬ್ಬರು ಎಂ.ಎಸ್ಸಿ. ಓದಿದವರು ಬೇಕೇನು?" ಎಂದು ನಗುತ್ತಿದ್ದರು. ತಿಕ್ಕುವುದೇ ಅರ್ಧ ಕೆಲಸ ತಾನೇ? ಬಿಳಿ ಪುಡಿ ಹಾಕಿದ ಒದ್ದೆ ಬಟ್ಟೆಯ ಮೇಲೆ ಎಂಟು ಬರೆದಂತೆ ಚಿನ್ನವನ್ನು ಉಜ್ಜಬೇಕು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂರಿಸಿ, ಹಳದಿ ದ್ರಾವಣದಲ್ಲಿ ಅದ್ದಿ, ವೋಲ್ಟೇಜನ್ನು ಮೇಲಕ್ಕೂ ಕೆಳಕ್ಕೂ ಓಡಿಸಬೇಕು. ಬರೀ ಚಿನ್ನವಾದರೆ ಪರದೆಯ ಮೇಲೆ ಕರೆಂಟಿನ ಗೆರೆ ಬಾತುಕೋಳಿಯ ಹಾಗೆ ತಲೆ ಎತ್ತುತ್ತದೆ. ಪದರದಲ್ಲಿ ಒಂದೂ ತೂತಿಲ್ಲದಿದ್ದರೆ ಗೆರೆ ಚಪ್ಪಟೆ. "ಬಾತು ಮಲಗಿತು" ಎಂದು ನಾವಿಬ್ಬರೂ ಚಹಾಕ್ಕೆ ಏಳುತ್ತಿದ್ದೆವು.

ನಿನ್ನದೊಂದು ಕೆಟ್ಟ ಚಾಳಿ. ತೊಳೆದ ಚಿನ್ನದ ಮೇಲೆ "ಹಾ" ಎಂದು ಉಸಿರು ಬಿಟ್ಟು ನೋಡುತ್ತಿದ್ದೆ; ಮಂಜು ಒಂದೇ ಸಮ ಕೂತರೆ ಚಿನ್ನ ಶುದ್ಧ ಎಂದು ನಿನ್ನ ಲೆಕ್ಕ. ಉಸಿರಿನ ಕೊಳೆ ಅಂಟಿ ಪದರ ತೂತಾಗುತ್ತದೆ ಎಂದು ಬೈದರೆ, "ನನ್ನ ಉಸಿರಿಗೆ ಏನಾಗೈತಿ? ಯಾಲಕ್ಕಿ ಹಾಕ್ಕೊಂಡೀನಿ" ಎನ್ನುತ್ತಿದ್ದೆ. ಇಂಥ ತರಲೆಯ ಜೊತೆ ಜಗಳವಾಡಿ ಗೆದ್ದವರುಂಟೇ?

ಜನವರಿಯ ಆ ಸಂಜೆ ನೀನು ಕೆಮ್ಮುತ್ತಲೇ ದಿಲ್‌ಸುಖ್‌ನಗರದ ಮೆಟ್ರೊ ಹಿಡಿಯಲು ಹೊರಟೆ. ಎಂದಿನಂತೆ ಬಾಗಿಲಲ್ಲಿ ನಿಂತು "ಬರ್ತೀನವಾ" ಎಂದೆ. ನಮ್ಮ ಮನೆಗಳಲ್ಲಿ "ಹೋಗ್ತೀನಿ" ಎಂದು ಯಾರೂ ಹೇಳುವುದಿಲ್ಲವಲ್ಲ. ಆ ವಾರವೇ ನ್ಯುಮೋನಿಯಾ. ಐಸಿಯು ಗಾಜಿನ ಈಚೆ ನಿಂತು ನಿನ್ನ ಎದೆ ಏರಿಳಿಯುವುದನ್ನು ನೋಡಿದೆ. ಎರಡು ಗಿಡ್ಡ ಉಸಿರು, ಆಮೇಲೊಂದು ನಿಲುಗಡೆ. ಎರಡು ಗಿಡ್ಡ ಉಸಿರು, ನಿಲುಗಡೆ. ಒಳಗೆ ಬಿಡಲಿಲ್ಲ, ನಿನ್ನ ಕೈ ಹಿಡಿಯಲೂ ಆಗಲಿಲ್ಲ.

ನೀನು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ನಿನ್ನ ಎಲೆಕ್ಟ್ರೋಡನ್ನು ತೊಳೆದು ಎತ್ತಿ ಹಿಡಿದೆ. ಚಿನ್ನ ತಾನಾಗಿ ಮಸುಕಾಯಿತು. ನಾನು ಮಾಸ್ಕ್ ಹಾಕಿದ್ದೆ, ಹತ್ತಿರ ಯಾರೂ ಇರಲಿಲ್ಲ. ಮಂಜು ಒಂದೇ ಸಮ ಕೂತು ಮೆಲ್ಲಗೆ ಆರಿತು. ಯಾಲಕ್ಕಿ ವಾಸನೆ ಬಂತು. ಆವತ್ತಿನಿಂದ ಅದರ ಮೇಲೆ ಎಂಥ ಪದರ ಕೂರಿಸಿದರೂ ಬಾತು ತಲೆ ಎತ್ತತೊಡಗಿತು. ಆಸಿಡ್‌ನಲ್ಲಿ ತೊಳೆದೆ, ದ್ರಾವಣ ಬದಲಿಸಿದೆ. ಪಕ್ಕದ ಎಲೆಕ್ಟ್ರೋಡುಗಳಲ್ಲಿ ಬಾತಿಗೆ ಗಾಢ ನಿದ್ದೆ, ನಿನ್ನದರಲ್ಲಿ ಮಾತ್ರ ಎಚ್ಚರ. "ಬರ್ತೀನಿ" ಎಂದಿದ್ದೆಯಲ್ಲ, ದಿನವೂ ಬರುತ್ತಿದ್ದೆ. ಮೈ ಜುಮ್ಮೆಂದಿತು. ನಿಜ ಹೇಳಲೇ, ಖುಷಿಯೂ ಆಯಿತು.

ಗೋಪಿನಾಥ ಸರ್‌ಗೆ ಈ ಖುಷಿ ಎಲ್ಲಿಂದ ಬರಬೇಕು? ಲ್ಯಾಬ್ ನಡೆಸುವವರು ಅವರು. "ಇದು ಕೆಟ್ಟೈತ್ರಿ. ಸೋಮವಾರ ಕರಗಿಸಾಕ ಕಳಸ್ರಿ" ಎಂದರು. ನಿನ್ನನ್ನು ಎರಡನೇ ಸಲ ಬೆಂಕಿಗೆ ಕೊಡುವುದೇ? ಮರುದಿನ ಮಂಜು ಕೂತ ಕೂಡಲೇ "ಹೋಗಬ್ಯಾಡ, ಇಲ್ಲೇ ಇರು" ಎಂದು ಚಿನ್ನವನ್ನು ಬೇಡಿಕೊಂಡೆ, ಮಂಜು ಆರುವ ಮೊದಲೇ ಪದರದ ದ್ರಾವಣಕ್ಕೆ ಇಳಿಸಿದೆ. ಬಾತು ಮಲಗಿತು. "ಭಾಳ ಚಲೋ ಆತು" ಎಂದರು ಸರ್. ಕರಗಿಸುವುದು ತಪ್ಪಿತು.

ಆಮೇಲೆ ಆ ಚಪ್ಪಟೆ ಗೆರೆಯನ್ನು ಸುಮ್ಮನೆ ದೊಡ್ಡದು ಮಾಡಿ ನೋಡಿದೆ. ನೋಡಬಾರದಿತ್ತು. ಅದರೊಳಗೆ ಸಣ್ಣ ಅಲೆಗಳು. ಎರಡು ಗಿಡ್ಡ, ಆಮೇಲೊಂದು ನಿಲುಗಡೆ. ತಂತಿ ಬದಲಿಸಿದೆ, ಯಂತ್ರವನ್ನೇ ಬದಲಿಸಿದೆ. ಅದೇ. ದಿನ ಕಳೆದಂತೆ ನಿಲುಗಡೆ ಉದ್ದವಾಗುತ್ತಾ ಬಂತು. ಒಂದೂ ತೂತಿಲ್ಲದ ಪದರ ಎಂದರೇನೆಂದು ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದವಳಿಗೆ ಆಗ ತಿಳಿಯಿತು. ನಿನ್ನನ್ನು ಉಳಿಸಿಕೊಂಡಿರಲಿಲ್ಲ ಕಣೇ, ಉಸಿರಾಡಲು ಜಾಗ ಬಿಡದೆ ಮುಚ್ಚಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಎಲೆಕ್ಟ್ರೋಡನ್ನು ಕ್ಷಾರದ ನೀರಿಗಿಳಿಸಿ ವೋಲ್ಟೇಜನ್ನು ತೀರಾ ಕೆಳಕ್ಕೆ ಒಯ್ದೆ. ಚಿನ್ನದಿಂದ ಪದರ ಬಿಡಿಸುವ ಈ ದಾರಿಯನ್ನು ಕಲಿಸಿಕೊಟ್ಟವಳು ನೀನೇ. ಗೆರೆ ಒಮ್ಮೆ ಆಳಕ್ಕೆ ಬಿದ್ದು ಮೇಲೆ ಬಂತು. ಆಮೇಲೆ ಅಲೆಗಳಿಲ್ಲ. ತೊಳೆದು ಎತ್ತಿ ಹಿಡಿದರೆ ಚಿನ್ನ ಮಸುಕಾಗದೆ ಹೊಳೆಯುತ್ತಲೇ ಇತ್ತು.

ಆದರೂ ನೀನು ಹೋಗಿಲ್ಲ. ಯಾಲಕ್ಕಿ ವಾಸನೆ ಬಾಗಿಲ ಹತ್ತಿರವೇ ನಿಂತಿದೆ. ಯಾಕೆಂದು ನನಗೆ ಗೊತ್ತು. "ಬರ್ತೀನವಾ" ಎಂದವಳಿಗೆ ಪ್ರತಿ ಸಂಜೆ ನಾನು "ಹ್ಞೂಂ, ಬಾ" ಎನ್ನುತ್ತಿದ್ದೆ. ಆವತ್ತೂ ಅಂದಿದ್ದೆ. ನಮ್ಮಲ್ಲಿ ಯಾರೂ ಯಾರಿಗೂ ಹೇಳದ ಮಾತನ್ನು ಇವತ್ತು ನಿನಗೆ ಹೇಳಬೇಕಾಗಿದೆ, ಬಾಯಿ ಬರುತ್ತಿಲ್ಲ. ಅದಕ್ಕೇ ಈ ಕಾಗದ.

ಇಷ್ಟು ಬರೆಯುವಾಗ ಕನ್ನಡಕ ಮಸುಕಾಯಿತು. ಅಳುತ್ತಿದ್ದೇನಲ್ಲ ಎಂದುಕೊಂಡು ತೆಗೆದು ಒಳಗಡೆ ಒರೆಸಿದೆ. ಹೋಗಲಿಲ್ಲ. ಮಂಜು ಗಾಜಿನ ಹೊರಗಡೆ ಕೂತಿತ್ತು, ಒಂದೇ ಸಮ. ಅದನ್ನು ಒರೆಸಲು ಮನಸ್ಸಾಗಲಿಲ್ಲ. ತಾನಾಗಿ ಆರುವವರೆಗೆ ಕಾದೆ.

ಎದೆ ತುಂಬ ಉಸಿರಾಡು, ಶರ್ವರಿ. ಎಲ್ಲಿದ್ದರೂ ಸುಖವಾಗಿರು.

ಹೋಗು.

ನಿನ್ನ
ಹರ್ಷದಾ