ಗಂಜಿತೊಟ್ಟಿಗೆ ಏಳು ಹನಿ

ಇಸವಿ 2214, ಫೆಬ್ರವರಿ ಮೂವತ್ತು
ಶಾಂಭವಿ ಹೊಳೆಯ ಮೇಲ್ದಂಡೆ

ಹಿರಿಯರಾದ ಸೆವ್ರಿನಾ ಬಾಯಿಯವರಿಗೆ,

ತಾರೀಕು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಝೆಲಿಯಾ, ನಿಮ್ಮಿಂದ ಏಳನೆಯ ತಲೆಮಾರಿನವಳು. ನನ್ನ ಕನ್ನಡ ನಿಮಗೆ ಕಲ್ಲು ಸಿಕ್ಕ ಅನ್ನದಂತಾದರೆ ಕ್ಷಮಿಸಿ. ಇದು ಹಿನ್ನೋಲೆ, ಅಂದರೆ ಹಿಂದಿನ ಕಾಲಕ್ಕೆ ಬರೆಯುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ತಲುಪುತ್ತದೆಯೋ ಇಲ್ಲವೋ ಯಾರೂ ಹೇಳಲಾರರು. ಜನ ಸಾಮಾನ್ಯವಾಗಿ ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನಾನು ಹಂದಿಗಳ ವಿಷಯಕ್ಕೆ ಎಂದಾಗ ಹಿನ್ನೋಲೆ ಕಚೇರಿಯವರು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ನೀವು ಸಾಕಿದ ಕರಿಹಂದಿಯ ತಳಿ ನಮ್ಮಲ್ಲಿ ಮಾತ್ರ ಉಳಿದಿತ್ತು. ಕಡಲು ಕೆಳಗಿನ ಗದ್ದೆಗಳನ್ನು ನುಂಗಿದ ಮೇಲೆ ದೊಡ್ಡಿಯನ್ನು ಗುಡ್ಡೆಗೆ ತಂದೆವು. ಮೇವು ಈಗ ಹರಿಗಂಜಿ: ಕಡಲಪಾಚಿಯ ತೆಳು ಗಂಜಿ, ಒಂದೇ ತೊಟ್ಟಿಯಿಂದ ಕೊಳವೆಯಲ್ಲಿ ಹನ್ನೆರಡೂ ಗೂಡುಗಳಿಗೆ ಹೋಗುತ್ತದೆ. ಬೆಳಿಗ್ಗೆ ಆ ತೊಟ್ಟಿಗೆ ನಿಮ್ಮ ಹೋಮಿಯೋಪತಿ ಮದ್ದಿನ ಏಳು ಹನಿ ಬಿಡುವುದು ಮನೆಯ ಹಿರಿಯ ಹೆಂಗಸಿನ ಕೆಲಸ. ಅದಕ್ಕೆ ಮೊದಲು ಕಾಫಿ ಕುಡಿಯಬಾರದು, ಕರ್ಪೂರ ಮುಟ್ಟಬಾರದು, ಹತ್ತಿರದಲ್ಲಿ ಈರುಳ್ಳಿ ಹೆಚ್ಚಬಾರದು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ಹಂದಿಗೆ ಮದ್ದು, ಹೆಂಡತಿಗೆ ಪಥ್ಯ ಎಂದು ನನ್ನ ಗಂಡ ಹಿಲರಿ ಚುಡಾಯಿಸುತ್ತಿದ್ದ.

ನಿಮ್ಮ ನೋಟುಪುಸ್ತಕ ನಮಗೆ ಎರಡನೇ ಬೈಬಲ್ಲು. ಭೇದಿ, ಹನಿ ಹಾಕಿದೆ, ಮೂರನೇ ದಿನ ವಾಸಿ. ಪುಟಗಟ್ಟಲೆ ಹೀಗೇ. ಸತ್ತ ಮರಿ ಒಂದೂ ಅದರಲ್ಲಿಲ್ಲ. ಜೊತೆಗೆ ನಿಮ್ಮದೇ ಅಕ್ಷರದಲ್ಲಿ ಒಂದು ಬುದ್ಧಿಮಾತು: ಮೊದಲು ಕಾಯಿಲೆ ಕೆರಳಿದರೆ ಹೆದರಬೇಡಿ, ಮದ್ದು ಹತ್ತಿತು ಎಂದರ್ಥ.

ಕಳೆದ ತಿಂಗಳು ಹಂದಿಜ್ವರ ಬಂತು. ನಮ್ಮ ಗೂಡುಗಳ ಬಾಗಿಲಲ್ಲಿ ಮೂತಿಗಾಜು ಇದೆ. ಹಂದಿ ಮೂತಿ ತಾಗಿಸಿದರೆ ಜ್ವರಕ್ಕೆ ಅದು ಕೆಂಪಾಗುತ್ತದೆ. ಮೊದಲ ದಿನ ಎರಡು ಗೂಡು ಕೆಂಪಾದವು. ಪಶುವೈದ್ಯೆ ಜಲಜಾಕ್ಷಿ ಓಡಿ ಬಂದು, ಅವನ್ನು ಬೇರೆ ಮಾಡಿ ಉಳಿದವಕ್ಕೆ ಇವತ್ತೇ ಲಸಿಕೆ ಹಾಕೋಣ ಎಂದಳು. ಹನಿ ಬಿಟ್ಟಿದ್ದೇನೆ, ನಾಲ್ಕು ದಿನ ತಾಳು ಎಂದೆ. ಜ್ವರ ಏರಿದಷ್ಟೂ ನನಗೆ ಧೈರ್ಯ ಬಂತು. ದೇವರಾಣೆ, ಸಂತೋಷಪಟ್ಟೆ. ನಾಲ್ಕನೇ ದಿನ ಹನ್ನೆರಡೂ ಗಾಜು ಕೆಂಪು.

ಜಲಜಾಕ್ಷಿ ಗದರಲಿಲ್ಲ. "ವಾಸಿಯಾದ್ರೂ ಮದ್ದು ಹತ್ತಿತು, ಜೋರಾದ್ರೂ ಮದ್ದು ಹತ್ತಿತು. ಹಾಗಾದ್ರೆ ಹತ್ತಲಿಲ್ಲ ಅಂತ ನಿಮಗೆ ಗೊತ್ತಾಗುವುದು ಯಾವಾಗ ಬಾಯಮ್ಮ?" ಎಂದು ಕೇಳಿದಳು.

ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ನೀವು ಪ್ರೀತಿಯಿಂದಲೇ ಹಾಕಿದ ಹನಿ ಅದು. ಲಸಿಕೆ ಅಂಗಳದವರೆಗೆ ಬಂದಿದ್ದಾಗ ತಡೆದವಳು ನಾನು, ಆ ಪಾಪ ನನ್ನದೇ.

ಒಂದೇ ಬೇಡಿಕೆ. ಮುಂದಿನ ಸಲ ಮರಿಗಳಿಗೆ ಭೇದಿ ಬಂದಾಗ ಒಂದು ಗೂಡಿಗೆ ಹನಿ ಹಾಕದೆ ಬಿಡಿ. ಅಲ್ಲಿಯವೂ ಮೂರನೇ ದಿನ ಎದ್ದು ನಿಂತರೆ ಅದನ್ನೂ ಬರೆಯಿರಿ. ಸತ್ತವನ್ನೂ ಬರೆಯಿರಿ.

ನಮ್ಮಲ್ಲಿ ಒಂದು ಹೆಣ್ಣುಹಂದಿ ಮಾತ್ರ ಬದುಕಿದೆ. ಗಂಡು ಇಲ್ಲ, ತಳಿ ಅಲ್ಲಿಗೆ ಮುಗಿಯಿತು. ಅದು ಎದ್ದು ಗಂಜಿ ಕುಡಿಯುವುದನ್ನು ಊರವರು ಬಂದು ನೋಡಿದರು. ಹನಿ ಹಾಕಿದ್ದಕ್ಕೆ ಅದಾದರೂ ಉಳಿಯಿತು ಎಂದುಕೊಂಡು ಹೋದರು. ನಾನು ಎಷ್ಟು ಅಲ್ಲ ಎಂದರೂ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಇಬ್ಬರು ಖಾಲಿ ಸೀಸೆ ಹಿಡಿದು ಬಾಗಿಲಿಗೆ ಬಂದಿದ್ದರು.

ನಿಮ್ಮ,
ಝೆಲಿಯಾ